ಕೂಡ್ಲಿಗಿಗೆ ಬೆಂಗಳೂರು ಹಾಯ್ದು

ದೂರದ ಎರಡು ಕಚೇರಿಗಳ ನಡುವೆ ಡೇಟಾ ಹೋಗಿಬರಲು ಎಷ್ಟು ಹೊತ್ತು ಹಿಡಿಯುತ್ತದೆಂದು ಮೊದಲು ಅಂದಾಜು ಮಾಡಿ, ಆಮೇಲೆ ಅಳೆದು ನೋಡುವುದು ನನ್ನ ಕೆಲಸ. ಇದನ್ನು ಹಿಡಿದುಕೊಂಡು ಊರೂರು ಅಲೆಯುವವಳಿಗೆ ನಗುವಿಗೆ ಬರವಿಲ್ಲ. ಆದರೂ ಆ ಒಂದು ವಾರದಲ್ಲಿ ಸಿಕ್ಕಿದ್ದು ಸ್ವಲ್ಪ ಹೆಚ್ಚೇ. ಒಂದು ಬೀಜದ ಕಂಪನಿಯ ಐದು ತಾಲೂಕು ಕಚೇರಿಗಳ ವರದಿ ಶುಕ್ರವಾರ ಸಂಜೆಯೊಳಗೆ ಕೊಟ್ಟರೆ ಮಾತ್ರ ನನಗೆ ರಜೆ. ಶನಿವಾರ ಬೆಳಿಗ್ಗೆ ಗುವಾಹಟಿ ಕಡೆಗೆ ರೈಲು. ಆ ಟಿಕೆಟ್ಟಿಗೆ ಎರಡು ತಿಂಗಳು ಕಾದಿದ್ದೆ.

೧. ಕೊಟ್ಟೂರು

"ಹರಪನಹಳ್ಳಿ ಎಷ್ಟು ದೂರ?" ಎಂದು ಅಲ್ಲಿನ ಗುಮಾಸ್ತರನ್ನು ಕೇಳಿದೆ.

"ಬಸ್ಸಿಗೇನ್ರಿ, ಬೈಕಿಗೇನ್ರಿ?"

"ಬೆಳಕಿಗೆ. ಕೇಬಲ್ಲಿನ ಗಾಜಿನ ಎಳೆಯಲ್ಲಿ ಅದು ನೂರು ಕಿಲೋಮೀಟರ್ ಹೋಗಿಬರಲು ಸೆಕೆಂಡಿನ ಸಾವಿರದಲ್ಲೊಂದು ಪಾಲು ಸಾಕು."

ಅವರು ಕನ್ನಡಕ ತೆಗೆದರು. "ಹೋದಮ್ಯಾಲ ಒಂದೀಟು ಕುಂದ್ರಂಗಿಲ್ಲೇನ್ರಿ? ಬೀಗರ ಮನ್ಯಾಗ ಜಗಳಾಡಿ ಹೊಳ್ಳಿ ಬಂದಂಗಾತಲ್ಲ."

೨. ಹಗರಿಬೊಮ್ಮನಹಳ್ಳಿ

ಇಲ್ಲಿಂದ ಕೂಡ್ಲಿಗಿಗೆ ಅಂಥ ಒಂದು ಪಾಲು ಸಾಕೆಂದು ಬರೆದಿದ್ದೆ. ಅಳೆದರೆ ಏಳು. ಹುಡುಕಿದಾಗ ತಿಳಿಯಿತು: ಪಕ್ಕದ ಕೂಡ್ಲಿಗಿಗೆ ಹೊರಟ ಡೇಟಾ ಬೆಂಗಳೂರಿನ ಮುಖ್ಯ ಕಚೇರಿಗೆ ಹೋಗಿ, ಅಲ್ಲಿಂದ ತಿರುಗಿ ಕೂಡ್ಲಿಗಿಗೆ ಬರುತ್ತಿತ್ತು. ನನ್ನ ಅಂದಾಜನ್ನೆಲ್ಲ ತಿದ್ದಲು ಕುಳಿತೆ.

ಕಚೇರಿಯ ಟೈಪಿಸ್ಟ್ ಅಕ್ಕನಿಗೆ ಏನೂ ಅನ್ನಿಸಲಿಲ್ಲ. "ನಾನೂ ಕೂಡ್ಲಿಗಿಗೆ ವರ್ಗ ಕೇಳೀನ್ರಿ. ನನ್ನ ಅರ್ಜಿನೂ ಹಿಂಗ ಬೆಂಗಳೂರಿಗೆ ಹೋಗೈತಿ."

"ಎಷ್ಟು ಹೊತ್ತಾಯಿತು?"

"ಮೂರು ವರ್ಷ. ನಿಮ್ದು ಏಳಕ್ಕ ಬಂದೈತಿ, ಪುಣ್ಯವಂತ್ರು ನೀವು."

೩. ಕೂಡ್ಲಿಗಿ

ಶುಕ್ರವಾರ ಮಧ್ಯಾಹ್ನ. ಕೂಡ್ಲಿಗಿಯಿಂದ ಹಡಗಲಿಗೆ ಹೋಗುವ ಲೈನು ಒಂದೇ ಬಾಕಿ. ತಿದ್ದಿದ ಅಂದಾಜು ಎಂಟು. ಆ ತುದಿಯಿಂದ ಉತ್ತರವೇ ಇಲ್ಲ. ನಾನು ರೈಲಿನ ಹೊತ್ತು ನೋಡುತ್ತ, ತಪ್ಪೀತೆಂದು ಗೊಣಗುತ್ತ ಕುಳಿತೆ.

ಕಚೇರಿಯ ವಯಸ್ಸಾದ ಲೈನ್‌ಮನ್ ಅಂದರು, "ನೀವು ಚಾ ಕುಡುದು ಬರ್ರಿ ಅಕ್ಕಾರ. ನಾ ನೋಡ್ತೀನಿ."

ಚಹಾ ಕುಡಿದು ಬಂದರೆ ಪರದೆಯ ಮೇಲೆ ಸಾಲುಸಾಲು ಉತ್ತರ. ತಡ ಮಾತ್ರ ಸೊನ್ನೆ. ಎಂಟು ಇರಲಿ, ಒಂದೂ ಅಲ್ಲ. ಬೆಳಕಿಗೂ ಆಗದ ಕೆಲಸ ಇದು. ಅನುಮಾನ ಬಂದು ಹಡಗಲಿ ಕಚೇರಿಗೆ ಫೋನ್ ಮಾಡಿದೆ.

"ಲೈನಿಗೆ ಹಚ್ಚೋ ಮಷಿನ್ ಬಂದೈತ್ರಿ ಮೇಡಂ, ಡಬ್ಬಿ ಇನ್ನೂ ಒಡದಿಲ್ಲ," ಅಂದರು.

ಬಗ್ಗಿ ನೋಡಿದೆ. ಹಡಗಲಿಗೆ ಹೋಗಬೇಕಾದ ಲೈನನ್ನು ಕಿತ್ತು, ಒಂದು ಗೇಣು ವಯರನ್ನು ನಮ್ಮ ಮಷಿನ್ನಿನಿಂದ ನಮ್ಮ ಮಷಿನ್ನಿಗೇ ಚುಚ್ಚಿದ್ದರು. ನಾವು ಕಳಿಸಿದ್ದು ನಮಗೇ ಬರುತ್ತಿತ್ತು.

ಗುವಾಹಟಿ ಟಿಕೆಟ್ ರದ್ದು ಮಾಡುತ್ತ, ಯಾಕೆ ಹೀಗೆ ಮಾಡಿದಿರಿ ಎಂದು ಲೈನ್‌ಮನ್ ಅವರನ್ನು ಕೇಳಿದೆ.

"ಟ್ರೈನ್ ತಪ್ಪತೈತಿ ಅಂತ ಮಾರಿ ಸಣ್ಣ ಮಾಡ್ಕೊಂಡು ಕುಂತಿದ್ರಲ್ರಿ," ಅಂದರು ಅವರು. "ಅದಕ್ಕ ಹಡಗಲೀನ ಇಲ್ಲಿಗೇ ಕರಕೊಂಡು ಬಂದ್ನಿ."