ಲೈನ್ ಬಂದರೆ ಕೆಟ್ಟೆ

ಬಡಕಲು ಮೈ, ಬಾಗಿದ ಬೆನ್ನು. ಅದಕ್ಕೇ ಪ್ರೆಸ್ಸಿನವರು ಆ ಪ್ರೂಫ್ ರೀಡರನಿಗೆ ‘ಅಲ್ಪವಿರಾಮ’ ಎಂದು ಹೆಸರಿಟ್ಟಿದ್ದರು. ಮನೆಯಲ್ಲೇ ಕೂತು ಪ್ರೂಫ್ ತಿದ್ದಿ ಇಮೇಲಿನಲ್ಲಿ ಕಳಿಸುವುದು ಅವನ ಕೆಲಸ. ಆದರೆ ಆ ಬೀದಿಯ ಇಂಟರ್ನೆಟ್ಟು ಮುನಿಸಿಕೊಂಡ ಅಳಿಯನ ಹಾಗೆ. ಯಾವಾಗ ಬರುತ್ತದೆ, ಯಾವಾಗ ಎದ್ದು ಹೋಗುತ್ತದೆ ಹೇಳುವಂತಿರಲಿಲ್ಲ. ಪತ್ರಗಳು ಅರ್ಧ ದಾರಿಯಲ್ಲೇ ಸಿಕ್ಕಿಬೀಳುತ್ತಿದ್ದವು. ರೋಸಿಹೋದ ಅವನು ಕಷ್ಟಪಟ್ಟು ಕಲಿತು ಕಂಪ್ಯೂಟರಿಗೆ ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಮೊಂದನ್ನು ಬರೆದ. ಲೈನ್ ಇದೆಯೇ ಎಂದು ಅದು ನಿಮಿಷಕ್ಕೊಮ್ಮೆ ತಾನೇ ತಟ್ಟಿ ನೋಡುತ್ತಿತ್ತು. ಇಲ್ಲದಿದ್ದರೆ ತೆಪ್ಪಗಿರುತ್ತಿತ್ತು, ಇದ್ದರೆ ಕಾದು ನಿಂತ ಪತ್ರಗಳನ್ನು ಕಳಿಸಿ, ಬಂದವನ್ನು ಎಳೆದುಕೊಳ್ಳುತ್ತಿತ್ತು.

ಆ ದಿನ ಬೆಳಿಗ್ಗೆ ಮ್ಯಾನೇಜರ್ ಫೋನು ಮಾಡಿ, ಅಮ್ಮನ ಕಣ್ಣಿನ ಆಪರೇಷನ್ನಿಗೂ ರಜೆ ಇಲ್ಲ ಎಂದುಬಿಟ್ಟರು. ಅಲ್ಪವಿರಾಮನ ಪಿತ್ತ ನೆತ್ತಿಗೇರಿತು. ಬಾಯಿಗೆ ಬಂದದ್ದನ್ನೆಲ್ಲ ಅವರಿಗೊಂದು ಪತ್ರದಲ್ಲಿ ಸುರಿದ. ಹೇಗೂ ನಿನ್ನೆಯಿಂದ ಲೈನ್ ಸತ್ತಿದೆ; ಕಳಿಸಿದ ಖುಷಿಯಾದರೂ ಸಿಗಲಿ, ಆಮೇಲೆ ಅಳಿಸಿದರಾಯಿತು ಎಂದು ಗುಂಡಿ ಒತ್ತಿ ಹಾಲು ತರಲು ಹೋದ.

ಬರುವಷ್ಟರಲ್ಲಿ ಮನೆಗೆ ಬೀಗ. ಹೆಂಡತಿ ಪಕ್ಕದ ಬಡಾವಣೆಯ ತನ್ನ ಅಕ್ಕನ ಮನೆಗೆ ಹೋಗಿದ್ದಳು. ಅವನ ಫೋನು ಒಳಗೆ. ಎದುರಿನ ಕಂಬಕ್ಕೆ ಇಂಟರ್ನೆಟ್ಟಿನ ಲೈನ್‌ಮನ್ ಏಣಿ ಒರಗಿಸುತ್ತಿದ್ದ.

ಅಲ್ಪವಿರಾಮ ಓಡಿಹೋಗಿ ಏಣಿಯನ್ನು ತಬ್ಬಿಕೊಂಡ. “ಅಣ್ಣಾ, ದಮ್ಮಯ್ಯ, ಇವತ್ತೊಂದಿನ ಲೈನ್ ಕೊಡ್ಬೇಡಿ!”

“ಫೋನ್ ಮೇಲೆ ಫೋನ್ ಮಾಡಿ ಬೈದಿದ್ದು ನಿಮ್ಮ ಬೀದಿಯವ್ರೇ ಅಲ್ವಾ ಸ್ವಾಮಿ?”

“ಸ್ವಲ್ಪ ಟೀ ಕುಡ್ದು ಹತ್ತಿ.”

“ಎಲ್ಲಿದೆ ಟೀ?”

“ಮನೆಗೆ ಬೀಗ ಬಿದ್ದಿದೆ. ಹಾಲಿದೆ, ನೋಡಿ.” ಪ್ಯಾಕೆಟ್ಟು ಎತ್ತಿ ತೋರಿಸಿದ.

ಮಹಡಿ ಮನೆಯ ಮೇಷ್ಟ್ರು ಬನಿಯನ್ನಿನಲ್ಲೇ ಇಳಿದು ಬಂದರು. “ಏನ್ರೀ ನಿಮ್ಮ ಗಲಾಟೆ? ನಿನ್ನೆಯಿಂದ ಮೊಮ್ಮಗಳ ಮುಖ ನೋಡಿಲ್ಲ ನಾನು. ಬಿಡ್ರಿ ಏಣಿ!”

“ಬೈಬೇಡಿ ಮೇಷ್ಟ್ರೇ, ಬಿಸಿಲಿಗೆ ತಲೆ ತಿರುಗಿದೆ ಪಾಪ,” ಎನ್ನುತ್ತ ಪಕ್ಕದ ಮನೆಯ ಟೈಲರಮ್ಮ ಒಂದು ಬಕೆಟ್ ನೀರನ್ನು ಅವನ ನೆತ್ತಿಗೆ ಸುರಿದೇಬಿಟ್ಟಳು. ಅವನು ಉಸಿರು ಕಟ್ಟಿ ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಲೈನ್‌ಮನ್ ಕಂಬದ ತುದಿಯಲ್ಲಿದ್ದ.

ಅದೇ ಹೊತ್ತಿಗೆ ಬೀದಿಯ ತಿರುವಿನಲ್ಲಿ ಹೆಂಡತಿ ಕಂಡಳು. ಅವಳ ಕೈಯಿಂದ ಬೀಗದಕೈ ಕಿತ್ತುಕೊಂಡು, ಒದ್ದೆ ಬಟ್ಟೆಯಲ್ಲೇ ಒಳಗೆ ನುಗ್ಗಿ, ಪತ್ರವನ್ನು ಅಳಿಸಿದ. ಮರುಕ್ಷಣವೇ ಲೈನ್ ಬಂತು.

“ಬದುಕಿದೆ!” ಎಂದು ಕುರ್ಚಿಗೆ ಕುಸಿದ.

ಸ್ಕ್ರಿಪ್ಟು ಒಂದಿಷ್ಟೂ ತಪ್ಪದೆ ಕೆಲಸ ಮಾಡಿತು. ಕಳಿಸಲು ಏನೂ ಇರಲಿಲ್ಲ. ಬಂದದ್ದು ಒಂದೇ ಪತ್ರ, ಮ್ಯಾನೇಜರರದು. ‘ನಿಮ್ಮ ಪತ್ರ ತಲುಪಿತು,’ ಎಂದು ಶುರುವಾಗಿತ್ತು.

“ಯಾವ ಪತ್ರ?” ಎನ್ನುತ್ತ ಅವನು ಪರದೆಯತ್ತ ಬಾಗಿದ.

“ಅದಾ? ನಿಮ್ಮ ಪತ್ರ ಪಾಪ, ಹೋಗ್ದೆ ಹಾಗೇ ನಿಂತಿತ್ತು ಕಣ್ರೀ,” ಎಂದು ಹೆಂಡತಿ ಟವೆಲು ತಂದು ಅವನ ತಲೆ ಒರೆಸತೊಡಗಿದಳು. “ಪೆನ್‌ಡ್ರೈವಿಗೆ ಹಾಕ್ಕೊಂಡು ಹೋಗಿ ಅಕ್ಕನ ಮನೆಯಿಂದ ಕಳಿಸ್ದೆ. ಆಫೀಸಿನ ವಿಷ್ಯ ಅಂತ ಓದೋಕೆ ಹೋಗ್ಲಿಲ್ಲ. ಏನಂತೆ? ರಜಾ ಸಿಕ್ತಾ?”

ಅವನು ಮುಂದಿನ ಸಾಲು ಓದಿದ: ‘ಮೂರ್ಖ ಎಂಬಲ್ಲಿ ಮಹಾಪ್ರಾಣ ಬಿಟ್ಟುಹೋಗಿದೆ. ನಾಳೆ ಬಂದು ತಿದ್ದಿ, ಎಲ್ಲರೆದುರು ಗಟ್ಟಿಯಾಗಿ ಓದತಕ್ಕದ್ದು.’