ಭಾವ ಇಳಿಯುವಷ್ಟರಲ್ಲಿ

ಎಲ್ಲಕ್ಕೂ ಕಾರಣ ಎರಡು ತೊಟ್ಟು ಎಣ್ಣೆ. ಹೆಂಡತಿಯ ಜೊತೆ ಪರದೇಶದಲ್ಲಿರುವ ಮಗಳ ಊರಿಗೆ ಹೋಗುವಾಗ ಭಾವ ತನ್ನ ಮನೆಯ ಗಿಣಿಯನ್ನು ಬೀಗ ರಿಪೇರಿ ಮಾಡುವ ಭಾವಮೈದುನನ ಬಳಿ ಬಿಟ್ಟುಹೋಗಿದ್ದ. ಪಂಜರದ ಚಿಲಕ ತುಕ್ಕು ಹಿಡಿದು ಕಿರುಗುಡುತ್ತಿತ್ತು. ಕಿರುಗುಡುವ ಚಿಲಕ ಕಂಡರೆ ಇವನ ಕೈ ಸುಮ್ಮನಿದ್ದೀತೇ? ಬೆಳಗ್ಗೆ ಎಣ್ಣೆ ಹಚ್ಚಿದ. ಮಧ್ಯಾಹ್ನಕ್ಕೆ ಗಿಣಿ ಕೊಕ್ಕಿನಿಂದಲೇ ಚಿಲಕ ಸರಿಸಿ ಎದುರಿನ ಮರದ ತುದಿ ಸೇರಿತ್ತು.

ಅದೇ ಗಳಿಗೆಗೆ ಫೋನು. "ವಿಮಾನ ಹತ್ತಿದೆ ಕಣೋ. ನಿಮ್ಮಕ್ಕ ಇನ್ನೊಂದು ತಿಂಗಳು ಮಗಳ ಹತ್ರಾನೇ ಇರ್ತಾಳಂತೆ. ಗಿಣಿ ಹೇಗಿದೆ?"

"ಹಾಯಾಗಿದೆ ಭಾವ" ಎಂದ, ಖಾಲಿ ಪಂಜರ ನೋಡುತ್ತ.

ಅವನ ಅಂಗಡಿ ಇದ್ದದ್ದು ಅಕ್ಕನ ಕಟ್ಟಡದಲ್ಲಿ. "ಗಿಣಿಗೇನಾದ್ರೂ ಆದ್ರೆ ಅಂಗಡಿ ಖಾಲಿ ಮಾಡು" ಎಂದು ಹೇಳಿಯೇ ಹೋಗಿದ್ದಳು. ಅಕ್ಕ ಆಡಿದ್ದನ್ನು ಮಾಡುವವಳು.

ಪಕ್ಕದ ಮನೆಯ ಮೇಷ್ಟ್ರು ಗೋಡೆಯ ಭೂಪಟ ಕಿತ್ತುಕೊಂಡೇ ಓಡಿಬಂದರು. "ಗಾಬರಿ ಬೇಡ! ಆ ಊರಿಂದ ಇಲ್ಲಿಗೆ ಮೂರು ಸಾವಿರದ ಆರುನೂರು ಕಿಲೋಮೀಟರು. ಹೋಗುವಾಗ ಐದು ಗಂಟೆ ಹಿಡೀತು, ಬರೋಕೂ ಐದೇ. ನಿನಗೂ ಗಿಣಿಗೂ ಎಷ್ಟಪ್ಪ ದೂರ? ಮೂವತ್ತು ಅಡಿ!"

"ಭಾವಂಗೆ ವಿಮಾನ ಇದೆ ಮೇಷ್ಟ್ರೇ, ನಂಗೆ ಏಣೀನೂ ಇಲ್ಲ."

ಇಸ್ತ್ರಿ ಅಂಗಡಿಯ ಅಜ್ಜಿ ಏಣಿ ತಂದಳು. ಹತ್ತಿದ. ಗಿಣಿ ಥೇಟ್ ಅಕ್ಕನ ಗಂಟಲಲ್ಲಿ ಕಿರುಚಿತು: "ಅವನ ಕೈಗೆ ಕೊಡಬೇಡಿ! ಕೆಡಿಸ್ತಾನೆ!"

"ಇಲ್ಲ ಅಕ್ಕ" ಎಂದು ಅಭ್ಯಾಸಬಲದಿಂದ ಎರಡೂ ಕೈ ಜೋಡಿಸಿದವನು ಅಜ್ಜಿಯ ಬಟ್ಟೆಗಂಟಿನ ಮೇಲೆ ಮೂಟೆಯಂತೆ ಬಿದ್ದ.

"ಈಗಷ್ಟೇ ಇಸ್ತ್ರಿ ಮಾಡಿದ್ದೆ ಕಣೋ!"

ಹಣ್ಣು ತೋರಿಸಿದರು, ಶಿಳ್ಳೆ ಹಾಕಿದರು, ಬೇಡಿಕೊಂಡರು. ಮೇಷ್ಟ್ರ ಬೆರಳು ಭೂಪಟದ ಮೇಲೆ ಸಮುದ್ರ ದಾಟುತ್ತಲೇ ಇತ್ತು. "ಇನ್ನೂ ಒಂದು ಗಂಟೆ ಇದೆ!"

"ಅದು ಯಾರನ್ನ ಜಾಸ್ತಿ ಬೈಯುತ್ತೆ?" ಎಂದಳು ಅಜ್ಜಿ.

"ಭಾವನ್ನ."

"ಹಾಗಾದ್ರೆ ನೀನೇ ಭಾವ ಆಗು. ಅವರ ಕೋಟು ಇಸ್ತ್ರಿಗೆ ಬಂದಿದೆ."

ಕೋಟು ತೊಟ್ಟದ್ದೇ ತಡ, ಗಿಣಿ ಬಾಣದಂತೆ ಇಳಿದು ಅವನ ಭುಜದ ಮೇಲೆ ಕೂತು ಕಿವಿಗೇ ಬಾಯಿ ಇಟ್ಟಿತು: "ಎಲ್ಲಿ ಹಾಳಾಗಿ ಹೋಗಿದ್ರಿ? ಇಷ್ಟು ಹೊತ್ತು ಬೇಕಾ?"

ಗಬಕ್ಕನೆ ಹಿಡಿದು ಪಂಜರಕ್ಕೆ ತುರುಕಿ ಬೀಗ ಜಡಿಯುವುದಕ್ಕೂ ಟ್ಯಾಕ್ಸಿ ನಿಲ್ಲುವುದಕ್ಕೂ ಸರಿಹೋಯಿತು.

"ಇಷ್ಟು ಬೇಗ?" ಮೇಷ್ಟ್ರು ಬೆರಳನ್ನು ಸಮುದ್ರದಲ್ಲೇ ಬಿಟ್ಟರು.

"ಬರುವಾಗ ವಿಮಾನಾನ ಹಿಂದಿಂದ ಗಾಳಿ ತಳ್ಳಿತಂತೆ" ಎನ್ನುತ್ತ ಉತ್ಸಾಹದಿಂದ ಇಳಿದ ಭಾವನ ಮುಖ, ಪಂಜರ ಕಂಡದ್ದೇ ಗಾಳಿ ಹೋದ ಚೆಂಡಾಯಿತು. "ಇಲ್ಲೇ ಇದೆಯಾ ಇದು?"

"ತಪ್ಪಿಸ್ಕೊಂಡಿತ್ತು ಭಾವ, ಹಿಡಿದುಬಿಟ್ಟೆ!"

"ಅಯ್ಯೋ ಪುಣ್ಯಾತ್ಮ! ತುಕ್ಕು ಹಿಡಿದ ಚಿಲಕ ಕಂಡ್ರೆ ನೀನು ಬಿಡೋನಲ್ಲ ಅಂತ ತಾನೇ ನಿನ್ನ ಹತ್ರ ಬಿಟ್ಟಿದ್ದು! ನಿಮ್ಮಕ್ಕನ ಬಾಯಿಂದ ಒಂದು ತಿಂಗಳಾದ್ರೂ ಬಿಡುಗಡೆ ಅಂತ ಕುಣ್ಕೊಂಡು ಬಂದೆನಲ್ಲೋ! ಹಿಡಿದವನು ನೀನು, ನೀನೇ ಇಟ್ಕೊ."

ಅಂದಿನಿಂದ ಪಂಜರ ಅಂಗಡಿಯ ಬಾಗಿಲಲ್ಲೇ ತೂಗುತ್ತಿದೆ. ಗಿರಾಕಿ ಬಂದು ಬೀಗ ಮುಂದೆ ಚಾಚಿದ ಕೂಡಲೇ ಅಕ್ಕನ ದನಿ ಬೀದಿಗೆಲ್ಲ ಕೇಳುತ್ತದೆ:

"ಅವನ ಕೈಗೆ ಕೊಡಬೇಡಿ! ಕೆಡಿಸ್ತಾನೆ!"