ಯಜಮಾನರ ಧ್ವನಿ ಕಲಿತ ದೆವ್ವ

ಕೆಲವರ ಮನೆಯಲ್ಲಿ ಆಗಾಗ ಹಾಲು ಒಡೆಯುತ್ತೆ, ಕೆಲವರ ಮನೆಯಲ್ಲಿ ಬೋರ್‌ವೆಲ್ ಮೋಟರ್ ಸುಡುತ್ತೆ. ಗುಬ್ಬಿಯ ನಮ್ಮ ಮನೆಯಲ್ಲಿ ಮಾತ್ರ ಆಗುವುದೆಲ್ಲ ದೆವ್ವದ ಪ್ರಸಂಗಗಳೇ. ತಪ್ಪು ಮನೆಯದಲ್ಲ. ಯಜಮಾನರಿಗೆ ವಿಡಿಯೋ ಗೇಮ್ ಕಲಿಸಲು ಹೊರಟೆನಲ್ಲ, ಅಲ್ಲಿಂದ ಶುರುವಾಯಿತು.

ನಾನು ತುಮಕೂರಿನ ಉಪ್ಪಾರಹಳ್ಳಿಯವಳು, ಇಲ್ಲಿ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಮ್ಮ. ತಮ್ಮನ ಜೊತೆ ಜಗಳವಾಡಿಕೊಂಡು ಗೇಮ್ ಆಡುತ್ತಲೇ ಬೆಳೆದೆ. ಮದುವೆಯಲ್ಲಿ ಬೀರುವಿನ ಹಿಂದೆ ನನ್ನ ಕಂಪ್ಯೂಟರೂ ಗುಬ್ಬಿಗೆ ಬಂತು. ಯಜಮಾನರದು ಕೊಬ್ಬರಿ ವ್ಯಾಪಾರ. ಕಾಯಿ ಬಡಿದು ನೋಡಿ ಒಳಗೆ ನೀರೆಷ್ಟಿದೆ ಎಂದು ಹೇಳುವ ಮನುಷ್ಯನಿಗೆ, ಎದುರಿಗಿರುವ ಹೆಂಡತಿ ಹತ್ತಿರ ಏನು ಮಾತಾಡಬೇಕೆಂದು ತಿಳಿಯುತ್ತಿರಲಿಲ್ಲ. ಬಾಯಿ ಬಿಟ್ಟರೆ ಮುತ್ತು ಉದುರುತ್ತೆ ಅನ್ನುವ ಹಾಗೆ ಇರುತ್ತಿದ್ದರು. ಒಂದು ದಿನಕ್ಕೂ ನನ್ನನ್ನು ಹೆಸರು ಹಿಡಿದು ಕರೆದವರಲ್ಲ. "ನೋಡಿಲ್ಲಿ" ಅನ್ನುವುದೇ ನನ್ನ ಹೆಸರಾಗಿತ್ತು. ಸ್ಕೂಲಲ್ಲಿ ಮಿಸ್ಸು, ಅತ್ತೆಗೆ ಅಮ್ಮಿ, ಇವರಿಗೆ ನೋಡಿಲ್ಲಿ. ಈ ಮನುಷ್ಯನ ಮನಸ್ಸಿನೊಳಗೆ ನಾನು ಇದ್ದೇನೋ ಇಲ್ಲವೋ ಎಂದು ನನಗೆ ನಿಜವಾಗಿಯೂ ಸಂಕಟವಾಗುತ್ತಿತ್ತು. ಒಟ್ಟಿಗೆ ಆಡಿದರೆ ಎರಡು ಮಾತು ಬಂದಾವು ಎಂದು ಗೇಮಿಗೆ ಎಳೆದೆ.

ಯಾರ ಮನೆ ಹೆಣ್ಣುಮಗಳು

ನಾನು ಆರಿಸಿದ್ದು ಒಂದು ದೆವ್ವದ ಗೇಮ್. ಹೆದರಿದರೆ ಹತ್ತಿರ ಬರುತ್ತಾರೆ ಎಂಬ ಲೆಕ್ಕಾಚಾರ ನನ್ನದು. ಪಾಳು ಬಂಗಲೆಯೊಳಗೆ ಇಬ್ಬರೂ ಹೋಗಿ ಬೀಗದ ಕೈ ಹುಡುಕಬೇಕು, ಬಿಳಿ ಸೀರೆಯವಳ ಕೈಗೆ ಸಿಗಬಾರದು. ನಾನು ರೂಮಿನಲ್ಲಿ ನನ್ನ ಕಂಪ್ಯೂಟರ್ ಮುಂದೆ, ಅವರು ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಮುಂದೆ. ಇಬ್ಬರಿಗೂ ಹೆಡ್‌ಫೋನು, ಮೈಕು.

ಒಳಗೆ ಕಾಲಿಟ್ಟದ್ದೇ ತಡ, ಇವರು ಬಂಗಲೆಯ ಬಾವಿ ಹತ್ತಿರ ಹೋಗಿ ನಿಂತುಬಿಟ್ಟರು.

"ರೀ, ಅಲ್ಲಿ ಯಾಕೆ ನಿಂತ್ರಿ? ಬಚ್ಚಿಟ್ಕೊಳ್ಳಿ!"

"ಊರಿಗೆ ಬಂದೋಳು ನೀರಿಗೆ ಬರ್ದೆ ಇರ್ತಾಳಾ? ಇಲ್ಲಿಗೇ ಬತ್ತಾಳೆ, ಸುಮ್ಕಿರು."

ಬಂದೇಬಿಟ್ಟಳು. ಕೂದಲು ಕೆದರಿಕೊಂಡು, ಕತ್ತು ಒಂದು ಕಡೆಗೆ ವಾಲಿಸಿಕೊಂಡು, ನೆಲದ ಮೇಲೆ ಕಾಲೂರದೆ. ನಾನು ಕಂಬದ ಹಿಂದೆ ಅಡಗಿಕೊಂಡೆ. ಇವರು ಕದಲಲಿಲ್ಲ. ಮೈಕಿನಲ್ಲಿ ಬಹಳ ಮರ್ಯಾದೆಯಿಂದ ಕೇಳಿದರು:

"ಯಾರ್ ಮನೆ ಹೆಣ್ಮಗ್ಳವ್ವ ನೀನು? ಯಾವೂರು? ಏನಾಗ್ಬೇಕಿತ್ತು?"

ಅವಳು ಕತ್ತು ಹಿಸುಕಿದಳು. ಇವರು ಹೆಡ್‌ಫೋನ್ ತೆಗೆದಿಟ್ಟು ಬೇಜಾರಿನಲ್ಲಿ ಹೇಳಿದರು: "ಮಾತಾಡಕ್ಕೆ ಇಷ್ಟ ಇಲ್ಲ ಅನ್ಸುತ್ತೆ. ಹೊಸಬ್ರಲ್ವಾ ನಾವು."

ಮೂರನೇ ಕೂಗು

ಮುಂದಿನ ಭಾನುವಾರ, ದೀಪ ಹಚ್ಚುವ ಹೊತ್ತು. ಆಟದಲ್ಲಿ ನಾನು ಅಟ್ಟದ ಮೇಲೆ ಸಿಕ್ಕಿಹಾಕಿಕೊಂಡೆ. ಬಾಗಿಲ ಆಚೆ ಅವಳು ಉಗುರಿನಿಂದ ಕೆರೆಯುತ್ತಿದ್ದಳು. ಇವರು ಕೆಳಗೇ ಇದ್ದರು, ಏಣಿ ಇಟ್ಟರೆ ಸಾಕಿತ್ತು.

"ರೀ!" ಅಂದೆ. "ರೀ, ಏಣಿ!" ಅಂದೆ. ಇವರು ಉಸಿರಾಡುವುದು ಮಾತ್ರ ಕೇಳುತ್ತಿತ್ತು. ಬಾಗಿಲು ಮುರಿಯಿತು, ನನ್ನ ಕಥೆ ಮುಗಿಯಿತು.

ಎದ್ದು ಪಡಸಾಲೆಗೆ ಹೋಗಿ ರೇಗಿದೆ. "ಕಿವಿ ಕೇಳ್ಸಲ್ವಾ?"

"ಕೇಳ್ಸ್ತು. ಕಡಬದ ನಮ್ಮಜ್ಜಿ ಹೇಳವ್ರೆ, ಮುಚ್ಚಂಜೆ ಮೇಲೆ ಯಾರೇ ಕೂಗುದ್ರೂ ಮೂರ್ನೇ ಕೂಗಿಗೇ ಓಗೊಡ್ಬೇಕು ಅಂತ. ಅಂಥವು ಎರಡ್ಕಿಂತ ಜಾಸ್ತಿ ಕೂಗಲ್ವಂತೆ. ನೀನು ಇನ್ನೊಂದ್ಸಲ ಕೂಗಿದ್ರೆ ಬತ್ತಿದ್ದೆ."

"ಸತ್ತೋದ್ನಲ್ರೀ! ಸತ್ತ ಮೇಲೆ ಹೆಂಗೆ ಕೂಗ್ಲಿ?"

ಇವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿ ಮೆಲ್ಲಗೆ ಅಂದರು: "ಈಗ ಕೂಗ್ತಿದೀಯಲ್ಲ, ಹಂಗೆ."

ಊಟಕ್ಕೆ ಕರೆದದ್ದು

ಆ ಆಟದ ದೆವ್ವಕ್ಕೆ ಒಂದು ಕೆಟ್ಟ ಬುದ್ಧಿ ಇದೆ. ಮೈಕಿನಲ್ಲಿ ಆಡಿದ ಮಾತನ್ನೆಲ್ಲ ಕೂಡಿಟ್ಟುಕೊಂಡು, ಇನ್ಯಾವತ್ತೋ ನಮ್ಮದೇ ಧ್ವನಿಯಲ್ಲಿ ಕತ್ತಲೆಯಿಂದ ಹೇಳುತ್ತೆ. ಹೊಸದಾಗಿ ಒಂದಕ್ಷರ ಹುಟ್ಟಿಸಲು ಅದಕ್ಕೆ ಬರಲ್ಲ. ಕೇಳಿದ್ದನ್ನಷ್ಟೇ ಒಪ್ಪಿಸುತ್ತೆ, ನಮ್ಮ ಒಂಬತ್ತನೇ ಕ್ಲಾಸಿನ ಮಕ್ಕಳ ಹಾಗೆ.

ಇದನ್ನು ಇವರಿಗೆ ಹೇಳಲು ಮರೆತಿದ್ದೆ. ಒಂದು ಸಂಜೆ ನಾನು ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದಾಗ ಇವರು ಒಬ್ಬರೇ ಆಡುತ್ತಿದ್ದರಂತೆ. ಇದ್ದಕ್ಕಿದ್ದಂತೆ ಎದ್ದು, ಕೈಕಾಲು ತೊಳೆದು, ಅಡುಗೆಮನೆಯಲ್ಲಿ ತಟ್ಟೆ ಇಟ್ಟುಕೊಂಡು ಕೂತರು. ಅತ್ತೆ ಇನ್ನೂ ಎಸರಿಗೆ ಹಿಟ್ಟು ಹಾಕಿರಲಿಲ್ಲ.

"ಮುದ್ದೆ ಆಗಿಲ್ಲ ಕಣ್ಲಾ. ಯಾರ್ ಕರುದ್ರು ನಿನ್ನ?"

"ಇವ್ಳೇ ಕರುದ್ಲು. ರೀ, ಊಟಕ್ಕೆ ಬನ್ನಿ ಅಂದ್ಲು. ಕಿವಿ ಪಕ್ಕದಲ್ಲೇ ಅಂದ್ಲು."

ಆಗ ನಾನು ಹಿತ್ತಲಿನಿಂದ ಬಟ್ಟೆ ಹೊತ್ತುಕೊಂಡು ಒಳಗೆ ಬಂದೆ. ಅತ್ತೆ ಕೈಯಲ್ಲಿದ್ದ ಮುದ್ದೆಕೋಲು ಹಾಗೇ ನಿಂತಿತು. ಎಷ್ಟು ಬಿಡಿಸಿ ಹೇಳಿದರೂ ಅವರಿಗೆ ಸಮಾಧಾನವಾಗಲಿಲ್ಲ. ಬೆಳಿಗ್ಗೆಯೇ ಮಠಕ್ಕೆ ಹೋಗಿ ಮಂತ್ರಿಸಿದ ದಾರ ತಂದರು. ಕಂಪ್ಯೂಟರಿಗೆ ಕುತ್ತಿಗೆ ಯಾವುದು ಎಂದು ಬಹಳ ಹೊತ್ತು ಹುಡುಕಿ, ಕೊನೆಗೆ ಮೌಸಿಗೆ ಕಟ್ಟಿದರು.

"ಅದಕ್ಕೆ ಯಾಕತ್ತೆ?" ಅಂದೆ.

"ಇದ್ರಲ್ಲಿ ಜೀವ ಇದ್ದಂಗೆ ಅಲ್ಲಾಡದು ಇದೊಂದೇ ಕಣಮ್ಮಿ."

ದೆವ್ವಕ್ಕೂ ಅದೇ ಪಾಠ

ಆಡುತ್ತಾ ಆಡುತ್ತಾ ಇವರ ಧ್ವನಿಯೂ ದೆವ್ವಕ್ಕೆ ಬಾಯಿಪಾಠವಾಯಿತು. ಕತ್ತಲೆ ಓಣಿಯಲ್ಲಿ ಹೋಗುವಾಗ ಬೆನ್ನ ಹಿಂದೆ ಇವರದೇ ಗಂಟಲಿನಲ್ಲಿ "ನೋಡಿಲ್ಲಿ... ನೋಡಿಲ್ಲಿ..." ಎಂದು ಕರೆಯುತ್ತಿತ್ತು. ಭಯವಾಗುವ ಬದಲು ನನಗೆ ಅಳು ಬಂತು. ಹೆಡ್‌ಫೋನ್ ಕಿತ್ತಿಟ್ಟು ಹೋಗಿ ಇವರ ಮುಂದೆ ನಿಂತೆ.

"ದೆವ್ವಾನೂ ನನ್ನ ನೋಡಿಲ್ಲಿ ಅಂತಾನೇ ಕರೆಯುತ್ತೆ. ಪಾಪ, ಅದೇನು ಮಾಡುತ್ತೆ, ನೀವು ಕಲ್ಸಿದ್ದೇ ಅಷ್ಟು. ನನಗೂ ಒಂದು ಹೆಸರಿದೆ. ಒಂದ್ಸಲ ಹೇಳಿ ನೋಡೋಣ."

ಇವರ ಕಿವಿ ಕೆಂಪಾಯಿತು. ಆಮೇಲೆ ಬೈಕ್ ಹತ್ತಿ ಸಂತೆಗೆ ಹೋಗಿ, ಯಾರೂ ಕೇಳದಿದ್ದ ಒಂದು ದೊಡ್ಡ ಕುಂಬಳಕಾಯಿ ತಂದರು.

ಕುಣಿಗಲ್‌ಗೆ ಹೋದ ದಿನ

ಅದಾಗಿ ಒಂದು ವಾರವಾಗಿರಬಹುದು. ಇವರು ಕಾಯಿ ನೋಡಲು ಕುಣಿಗಲ್ ಕಡೆಗೆ ಹೋಗಿದ್ದರು. ಸ್ಕೂಲು ಅರ್ಧ ದಿನಕ್ಕೇ ಬಿಟ್ಟಿತ್ತು. ಅತ್ತೆ ಹಿತ್ತಲಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದರು. ಮಟಮಟ ಮಧ್ಯಾಹ್ನ, ಬೀದಿಯಲ್ಲಿ ನಾಯಿಯೂ ಬೊಗಳುತ್ತಿರಲಿಲ್ಲ. ಬೇಜಾರಿಗೆ ಒಬ್ಬಳೇ ಆಡಲು ಕೂತೆ.

ಬಂಗಲೆಯ ಕೊನೆಯ ಕೋಣೆ. ದೀಪ ಆರಿತು. ಕಿವಿಯ ಪಕ್ಕದಲ್ಲಿ ಯಾರೋ ಉಸಿರು ಎಳೆದುಕೊಂಡರು. ಆಮೇಲೆ ಇವರ ಧ್ವನಿ, ನಡುಗುತ್ತಾ:

"ಹೇಮಲತಾ..."

ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿ ನೋಡಿದೆ.

"ಹೇಮಾ..." ಆಮೇಲೆ ಇನ್ನೂ ಹತ್ತಿರದಿಂದ, "ಹೇಮೀ..."

ಹೆಡ್‌ಫೋನ್ ಎಸೆದೆ. ಮೇಜಿನ ಮೇಲೆ ಬಿದ್ದಲ್ಲಿಂದಲೇ ಅದು ಸಣ್ಣಗೆ ಕರೆಯುತ್ತಿತ್ತು. ಕೇಳದ್ದನ್ನು ಹೇಳಲು ಈ ದೆವ್ವಕ್ಕೆ ಬರುವುದಿಲ್ಲ. ಇವರೋ ಜನ್ಮದಲ್ಲಿ ನನ್ನ ಹೆಸರು ಹೇಳಿದವರಲ್ಲ. ಹಾಗಾದರೆ ಇದನ್ನು ಹೇಳಿದ್ದು ಯಾರು? ದಾರಿಯಲ್ಲಿ ಏನಾದರೂ ಆಗಿ, ಪ್ರಾಣ ಹೋಗುವಾಗ ಕೂಗಿದರೇ? ಗಣಿತ ಪಾಠ ಮಾಡುವವಳು ಹೀಗೆಲ್ಲ ಯೋಚಿಸಬಾರದು, ಆದರೆ ಯೋಚಿಸಿದೆ. ಇವರಿಗೆ ಫೋನ್ ಮಾಡಿದೆ.

ಫೋನ್ ರಿಂಗಾಯಿತು. ಖಾಲಿ ಪಡಸಾಲೆಯಲ್ಲಿ.

ಕಿರುಚಿಕೊಂಡು ಹಿತ್ತಲಿಗೆ ಓಡಿದೆ. "ಅತ್ತೇ, ಇವ್ರಿಗೇನೋ ಆಗಿದೆ! ಕಂಪ್ಯೂಟರ್ ಒಳಗಿಂದ ನನ್ನ ಹೆಸರು ಹಿಡ್ದು ಕೂಗ್ತಿದಾರೆ, ಫೋನು ಮನೆ ಒಳಗೇ ಬಡ್ಕೋತಿದೆ!"

ಅತ್ತೆ ಹುಣಸೆಬೀಜವನ್ನು ಪಕ್ಕಕ್ಕೆ ಹಾಕಿ, ತಲೆಯನ್ನೂ ಎತ್ತದೆ ಹೇಳಿದರು: "ಫೋನು ಚಾರ್ಜಿಗಾಕಿ ಮರ್ತೋಗವ್ನೆ. ಈಗ್ತಾನೆ ಅಂಗ್ಡಿಯೋರ್ ಫೋನಿಂದ ನಂಗೆ ಮಾಡಿದ್ದ, ಸಂಜೆಗ್ ಬತ್ತೀನಿ ಅಂತ. ಇನ್ನ ಕೂಗದು ಏನ್ ಹೊಸ್ದಾ? ಹೋದ ವಾರದಿಂದ ಕೂಗ್ತಾನೇ ಅವ್ನೆ. ನೀನ್ ಸ್ಕೂಲಿಗೋಯ್ತಿದ್ದಂಗೆ ಬಾಗ್ಲಾಕ್ಕೊಂಡು ನಿನ್ ಕಂಪ್ಯೂಟ್ರಲ್ಲಿ ಆ ದೆವ್ವದ್ ಆಟ ಹಾಕ್ಕಂಡು ಹೇಮಲತಾ, ಹೇಮಾ, ಹೇಮೀ... ಕೇಳೀ ಕೇಳೀ ನಂಗೂ ಸಾಕಾಗೋಯ್ತು. ತಡೀನಾರ್ದೆ ಕೇಳೇಬುಟ್ಟೆ. ಏನ್ಲಾ, ಅವ್ಳು ಮನೇಲೇ ಇಲ್ವಲ್ಲೋ, ಯಾಕ್ಲಾ ಹಿಂಗ್ ಕೂಗ್ತೀಯ ಅಂತ."

"ಏನಂದ್ರು?" ಅಂದೆ. ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ತೋಚಲಿಲ್ಲ.

"ಇಲ್ವಲ್ಲ, ಅದುಕ್ಕೇ ಕಣವ್ವ ಧೈರ್ಯ ಬಂದಿರದು, ಅಂದ."